ರೆಕ್ಕೆಗೊಂದು ಅಪ್ಪರ್ ಬರ್ತ್

ಈ ಡಬ್ಬಿ ನೋಡಿ. 43 ಇಂಚಿನ ಟಿವಿ ಬಂದಿದ್ದ ಡಬ್ಬಿ. ಟಿವಿ ಪಕ್ಕದ ಮನೆಯವರದ್ದು, ಡಬ್ಬಿ ಮಾತ್ರ ನಮ್ಮದು. ಮೂಲೆ ಹರಿದಿದೆ, ಟೇಪಿನ ಮೇಲೆ ಟೇಪು ಬಿದ್ದಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಸಣ್ಣಗೆ ಬ್ಯಾಡಗಿ ಮೆಣಸಿನಕಾಯಿ ಘಾಟು ಬರುತ್ತದೆ. ಆ ಕಥೆ ಆಮೇಲೆ ಹೇಳುತ್ತೇನೆ.

ನಮಸ್ಕಾರ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಮನೆ ಮಾಳಿಗೆ ಇದು. ಈಗ ಹಿಂದೆ ಕೇಳಿಸಿತಲ್ಲ, ಅದು ನಾನು ಕಟ್ಟುವ ರಿಮೋಟ್ ವಿಮಾನದ ಸದ್ದಲ್ಲ, ನಿಜವಾದ ವಿಮಾನದ್ದು. ಏರ್‌ಪೋರ್ಟ್ ಇರುವುದು ಇದೇ ರಸ್ತೆಯಲ್ಲಿ. ಅದಕ್ಕೇ ಇಲ್ಲಿ ಕುಳಿತು ವಿಮಾನ ಕಟ್ಟಬಹುದು, ಹಾರಿಸುವ ಹಾಗಿಲ್ಲ. 2021ರ ಡ್ರೋನ್ ನಿಯಮಗಳು ನಮ್ಮ ಆಟದ ವಿಮಾನಕ್ಕೂ ಅನ್ವಯಿಸುತ್ತವೆ. ಅನುಮತಿ ಕೇಳದೆ ಹಾರಿಸಬೇಕಾದರೆ ಏರ್‌ಪೋರ್ಟಿನ ಗಡಿಯಿಂದ 8 ಕಿಲೋಮೀಟರ್ ದಾಟಬೇಕು. ಅಲ್ಲಿಂದ 12 ಕಿಲೋಮೀಟರ್ ತನಕ 200 ಅಡಿ ಎತ್ತರ, ಅದರಾಚೆ ಹಸಿರು ವಲಯ, ಅಂದರೆ ಅನುಮತಿ ಬೇಡದ ಜಾಗ, ಇದ್ದರೆ 400 ಅಡಿ. ಹಾಗಾಗಿ ಭಾನುವಾರ ಬೆಳಗಿನ ಜಾವ ನವಲಗುಂದದ ಕಡೆ ಹೊರಡುತ್ತೇನೆ. ಅಲ್ಲಿ ಗೆಳೆಯನ ಹೊಲ ಇದೆ, ಜೋಳ ಕೊಯ್ದಾಗಿದೆ. ಎರೆ ಮಣ್ಣು ಒಣಗಿ ಕೈ ಹೋಗುವಷ್ಟು ಬಿರುಕು ಬಿಟ್ಟಿದೆ. ಚಕ್ರ ಇಟ್ಟು ಇಳಿಸುವ ಮಾತೇ ಇಲ್ಲ. ಹೊಟ್ಟೆ ಮೇಲೆ ಇಳಿಸಬೇಕು, ಅದೂ ಕೂಳೆ ಚುಚ್ಚದ ಜಾಗ ನೋಡಿ.

ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ಬೆಂಗಳೂರಿನ ಹೊರಗೆ ಏರೋಮಾಡೆಲಿಂಗ್ ಮೀಟ್, ಅಂದರೆ ಇಂಥ ವಿಮಾನ ಹಾರಿಸುವವರ ಕೂಟ, ಇದೆ. ಎರಡು ದಿನ. ಹಾರಿಸುವವರಿಗೆ 1,500 ರೂಪಾಯಿ, ನೋಡುವವರಿಗೆ ದಿನಕ್ಕೆ 200. ಹೋಗಬೇಕಾ, ಬೇಡವಾ? ಒಂದು ವಾರದಿಂದ ಮನೆಯಲ್ಲಿ ಇದೇ ಮಾತು.

ಎರಡು ವರ್ಷದ ಹಿಂದೆ ಹೋಗಿದ್ದೆ. ಅದರ ಲೆಕ್ಕ ಇನ್ನೂ ಈ ನೋಟ್‌ಬುಕ್ಕಿನಲ್ಲಿದೆ, ತೋರಿಸುತ್ತೇನೆ. ಎಂಟ್ರಿ 1,500. ಬಸ್ಸು ಹೋಗಿ ಬರೋಕೆ 2,000. ಡಬ್ಬಿಗೆ ಬೇರೆ 600. ಬಸ್ಸು ಇಳಿದ ಜಾಗದಿಂದ ಮೈದಾನಕ್ಕೆ ಎರಡು ದಿನದ ಓಡಾಟ 1,400. ಲಾಡ್ಜ್ 2,400. ಊಟ, ಚಹಾ 700. ಕೊನೆಯ ಸಾಲು ನೋಡಿ, ಬಾಲ ರಿಪೇರಿ 800. ಒಟ್ಟು 9,400.

ಬಾಲ ಮುರಿದದ್ದು ಹಾರಿಸುವಾಗ ಅಲ್ಲ. ಹೋಗುವಾಗಲೇ ಮುರಿದಿತ್ತು. ಬಸ್ಸಿನ ಡಿಕ್ಕಿಯಲ್ಲಿ ಡಬ್ಬಿ ಇಟ್ಟಿದ್ದೆವು. 'ನಾಜೂಕು ಸಾಮಾನು ಐತ್ರಿ' ಅಂತ ಮೂರು ಸಲ ಹೇಳಿದ್ದೆ. 'ಆತ್ರಿ ಆತ್ರಿ' ಅಂದಿದ್ದರು. ದಾರಿಯಲ್ಲಿ ಅದರ ಮೇಲೆ ಯಾರದೋ ಮೆಣಸಿನಕಾಯಿ ಚೀಲ ಏರಿದೆ. ಬೆಳಗ್ಗೆ ಮೈದಾನದಲ್ಲಿ ಡಬ್ಬಿ ತೆಗೆದಾಗ ಮೊದಲು ಬಂದದ್ದು ಸೀನು. ಆಮೇಲೆ ಅಳು. ಅರ್ಧ ದಿನ ಅಂಟು ಹಚ್ಚುವುದರಲ್ಲೇ ಹೋಯಿತು.

ಉಳಿದ ಒಂದೂವರೆ ದಿನದಲ್ಲಿ ನನಗೆ ಸಿಕ್ಕ ಪಾಳಿ ನಾಲ್ಕು. ಒಂದು ಬ್ಯಾಟರಿ ಏಳು ನಿಮಿಷ. ಒಟ್ಟು 28 ನಿಮಿಷ. 9,400ನ್ನು 28ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 336 ರೂಪಾಯಿ. ಈ ಲೆಕ್ಕ ಹಾಕಿದ್ದು ನಾನಲ್ಲ, ನಮ್ಮಪ್ಪ. ಹಾಕಿ, ಪೇಪರ್ ಮಡಚಿಟ್ಟು, ಏನೂ ಹೇಳದೆ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಪಾಳಿ ಯಾಕೆ ಅಂತ ಕೇಳಬಹುದು. ಈಗಿನ ರಿಮೋಟುಗಳು 2.4 ಗಿಗಾಹರ್ಟ್ಸ್‌ನವು, ಒಂದರ ಸಿಗ್ನಲ್ ಇನ್ನೊಂದಕ್ಕೆ ತೊಡಕಾಗುವುದಿಲ್ಲ. ಆದರೂ ಆಕಾಶದಲ್ಲಿ ಒಮ್ಮೆಗೆ ಮೂರು ನಾಲ್ಕು ವಿಮಾನಕ್ಕಿಂತ ಜಾಸ್ತಿ ಬಿಡಲಿಲ್ಲ. ಡಿಕ್ಕಿ ಹೊಡೆದರೆ ಕೆಳಗೆ ಜನ ಇರುತ್ತಾರೆ, ಸರಿಯೇ. ಹಳಬರು ಹೇಳುವ ಕಾಲ ಇನ್ನೂ ಮಜಾ ಇತ್ತು. ಆಗ ಒಬ್ಬೊಬ್ಬರ ರಿಮೋಟಿಗೆ ಒಂದೊಂದು ಚಾನೆಲ್. ಮೈದಾನದಲ್ಲಿ ಒಂದು ಹಲಗೆ, ಅದರ ಮೇಲೆ ಚಾನೆಲ್ ನಂಬರ್ ಇರುವ ಬಟ್ಟೆ ಕ್ಲಿಪ್ಪುಗಳು. ನಿಮ್ಮ ನಂಬರಿನ ಕ್ಲಿಪ್ಪು ಕೈಗೆ ಸಿಕ್ಕರೆ ಮಾತ್ರ ರಿಮೋಟ್ ಆನ್ ಮಾಡಬೇಕು. ಅದೇ ಚಾನೆಲ್ಲಿನ ಇನ್ನೊಬ್ಬ ಮರೆತು ಆನ್ ಮಾಡಿದನೋ, ನಿಮ್ಮ ವಿಮಾನ ನೆಲಕ್ಕೆ. ಬಟ್ಟೆ ಕ್ಲಿಪ್ಪಿನ ಮೇಲೆ ಇಷ್ಟು ಭಾರ ಬೇರೆಲ್ಲೂ ಬಿದ್ದಿರಲಿಕ್ಕಿಲ್ಲ.

ಹಾಗಾದರೆ ದುಡ್ಡು ದಂಡವಾ? ನನ್ನ ಗೆಳೆಯ, ಹೊಲದ ಮಾಲೀಕ, ಹೌದು ಅನ್ನುತ್ತಾನೆ. 'ಅದ ರೊಕ್ಕದಾಗ ಇನ್ನೊಂದು ವಿಮಾನ ಬರ್ತದಲ್ಲೋ.' ಬರುತ್ತದೆ, ಸುಳ್ಳಲ್ಲ. ಮೋಟರ್, ಅದರ ವೇಗ ಹಿಡಿತದಲ್ಲಿಡುವ ಇಎಸ್‌ಸಿ, ರೆಕ್ಕೆ ಬಾಲದ ಪಟ್ಟಿ ಆಡಿಸುವ ನಾಲ್ಕು ಪುಟ್ಟ ಸರ್ವೋ ಮೋಟರು, ಒಂದಿಷ್ಟು ಫೋಮ್ ಶೀಟು, ಎಲ್ಲಾ ಸೇರಿ ಅಷ್ಟರಲ್ಲೇ ಆಗುತ್ತದೆ. ಆದರೆ ಅದನ್ನು ಕಟ್ಟುವ ಕೈ ಇದೇ ಅಲ್ವಾ?

ಆ 28 ನಿಮಿಷ ನನಗೆ ಈಗ ಸರಿಯಾಗಿ ನೆನಪೇ ಇಲ್ಲ. ನೆನಪಿರುವುದು ಒಬ್ಬ ಹಿರಿಯರು. ನಾನು ಅಂಟು ಹಚ್ಚಿ ಮುಗಿಸಿ ಕುಳಿತಿದ್ದೆ. ಅವರು ಬಂದು, ಕೇಳದೆ ಕೊಳ್ಳದೆ, ನನ್ನ ವಿಮಾನವನ್ನು ರೆಕ್ಕೆ ಕೆಳಗೆ ಎರಡು ಬೆರಳಿಟ್ಟು ಎತ್ತಿದರು. ಬಾಲ ಕೆಳಗೆ ಜೋಲಿತು. 'ಇದನ್ನು ಹೀಗೇ ಹಾರಿಸುತ್ತಿದ್ದೀಯಾ?' ಅಂದರು. ರೆಕ್ಕೆಯ ಅಗಲ 20 ಸೆಂಟಿಮೀಟರ್. ತೂಕದ ನಡುಬಿಂದು ಮುಂದಿನ ಅಂಚಿನಿಂದ ಕಾಲು ಭಾಗಕ್ಕೋ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕೋ ಇರಬೇಕು. ಅಂದರೆ ಐದು, ಆರೂವರೆ ಸೆಂಟಿಮೀಟರಿನೊಳಗೆ. ನನ್ನದು ಎಂಟಕ್ಕಿತ್ತು. ಬ್ಯಾಟರಿಯನ್ನು ಮೂಗಿನ ಕಡೆ ದೂಡಿ, ವೆಲ್ಕ್ರೋ ಬಿಗಿದು ಕೊಟ್ಟು ಹೋದರು. ಈ ಹವ್ಯಾಸದವರಲ್ಲಿ ಒಂದು ಹಳೇ ಮಾತಿದೆ: ಮೂಗು ಭಾರ ಇದ್ದರೆ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರ ಇದ್ದರೆ ಒಂದೇ ಸಲ ಹಾರುತ್ತದೆ. ಈ ಮಾತನ್ನು ನಾನು ಅದಕ್ಕೂ ಮೊದಲೇ ಎಷ್ಟೋ ವಿಡಿಯೋಗಳಲ್ಲಿ ಕೇಳಿದ್ದೆ. ವಿಡಿಯೋ ನನ್ನ ವಿಮಾನ ಎತ್ತಿ ನೋಡಲಿಲ್ಲ, ಅಷ್ಟೇ.

ಇನ್ನೊಂದು ನೆನಪು ಜೆಟ್. ಗೇಣುದ್ದದ ಟರ್ಬೈನ್, ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಕುಡಿಯುವುದು ಸೀಮೆಎಣ್ಣೆ. ಅದು ಶುರುವಾದಾಗ ಇಡೀ ಮೈದಾನಕ್ಕೆ ಅಜ್ಜಿ ಮನೆ ಸ್ಟೋವಿನ ವಾಸನೆ. ಅದರ ಬೆಲೆ ಮಾತ್ರ ಕೇಳಬೇಡಿ, ನಾನೂ ಕೇಳಲಿಲ್ಲ.

ಈಗ ನನ್ನ ಕಷ್ಟ ಏನೆಂದರೆ, ಇದು. ಇದು ನಾನೇ ಬಾಲ್ಸಾ ಅನ್ನುವ ಹಗುರ ಮರದಲ್ಲಿ ಕಟ್ಟಿದ ಹೊಸ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 1.4 ಮೀಟರ್. ಕಳೆದ ಭಾನುವಾರದ ಈ ತುಣುಕು ನೋಡಿ. ಕೈ ಬಿಟ್ಟ ತಕ್ಷಣ ಎಡಕ್ಕೆ ವಾಲುತ್ತದೆ. ಇನ್ನೊಮ್ಮೆ ನೋಡಿ, ನಿಧಾನಕ್ಕೆ. ಎಡಕ್ಕೇ. ಹಿಂದಿನಿಂದ ನೋಡಿದರೆ ಮೂಗಿನ ಪಂಖ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದರ ಎದುರೇಟಿಗೆ ಮೈ ಎಡಕ್ಕೆ ಹೊರಳುತ್ತದೆ. ಅದಕ್ಕೇ ಮೋಟರನ್ನು ಎರಡು ಡಿಗ್ರಿ ಬಲಕ್ಕೆ ವಾರೆ ಮಾಡಿ ಕೂರಿಸಿದ್ದೇನೆ. ಆದರೂ ಎಡಕ್ಕೆ. ಮೂರು ಡಿಗ್ರಿ ಮಾಡಿದೆ. ಎಡಕ್ಕೆ. ಎಡಗಡೆ ರೆಕ್ಕೆಯೇ ತಿರುಚಿಕೊಂಡಿರಬಹುದು ಅಂತ ಅನುಮಾನ. ಅಡುಗೆಮನೆ ಕಟ್ಟೆ ಮೇಲೆ ಇಟ್ಟು ನೋಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ನನ್ನ ಕಣ್ಣಿಗೆ ಎರಡೂ ಒಂದೇ. ಹೆತ್ತವರಿಗೆ ಹೆಗ್ಗಣ ಮುದ್ದು. ತಿರುಚಿದ್ದೇ ನಿಜವಾದರೆ ರೆಕ್ಕೆಗೆ ಹೊದಿಸಿದ ಪ್ಲಾಸ್ಟಿಕ್ ಫಿಲ್ಮಿಗೆ ಬಿಸಿ ಕೊಟ್ಟು, ಎದುರು ದಿಕ್ಕಿಗೆ ತಿರುಚಿ ಹಿಡಿದರೆ ಸರಿಹೋಗುತ್ತದೆ. ಎಷ್ಟು ತಿರುಚಬೇಕು? ಅದು ಗೊತ್ತಿರುವ ಕೈ ಬೇಕು.

ಗೆಳೆಯರಿಗೆ ವಿಡಿಯೋ ಕಳಿಸಿದೆ. ಮೂವರು ಮೂರು ಥರ ಹೇಳಿದರು. ಒಬ್ಬ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದ.

ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಖರ್ಚಿನ ಪಟ್ಟಿ ಮತ್ತೆ ತೆಗೆದೆ. ಸಾಲು ಸಾಲಾಗಿ ನೋಡಿದರೆ ಅದರಲ್ಲಿ ಮುಕ್ಕಾಲು ಖರ್ಚು ನನ್ನದಲ್ಲ, ಡಬ್ಬಿಯದ್ದು. ಡಬ್ಬಿ ಇದೆ ಅಂತ ಬಸ್ಸು. ಹೋದ ವಿಮಾನ ಹಾರಬೇಕು ಅಂತ ಎಂಟ್ರಿ. ಪಾಳಿ ಸಿಗಬೇಕು ಅಂತ ಎರಡು ದಿನ. ಎರಡು ದಿನ ಅಂತ ಲಾಡ್ಜ್. ಡಬ್ಬಿ ಹೊತ್ತು ಸಿಟಿ ಬಸ್ಸು ಹತ್ತಲಾಗದು ಅಂತ ಕ್ಯಾಬು. ಇಷ್ಟೆಲ್ಲಾ ಮಾಡಿ ಅಲ್ಲಿ 28 ನಿಮಿಷ ಹಾರಿಸಿದ್ದನ್ನು ನಾನು ನವಲಗುಂದದ ಹೊಲದಲ್ಲಿ ಒಂದೇ ಬೆಳಗ್ಗೆ, ಪುಕ್ಕಟೆ ಹಾರಿಸುತ್ತೇನೆ.

ಸರಿ, ವಿಮಾನ ಬಿಟ್ಟು ಹೋದರೆ?

'ವಿಮಾನ ಇಲ್ಲದ ವಿಮಾನದ ಮೀಟಿಗೆ ಹೋಗ್ತಾನಂತ' ಅಂತ ತಮ್ಮ ನಕ್ಕ. ಅಮ್ಮ ರೊಟ್ಟಿ ಬಡಿಯುತ್ತಿದ್ದವಳು ತಿರುಗಿಯೂ ನೋಡದೆ ಅಂದಳು: 'ಜಾತ್ರಿಗೆ ಹೋಗೋರೆಲ್ಲಾ ತೇರು ಹೊತ್ಕೊಂಡ ಹೋಗ್ತಾರೇನ?'

ಅಲ್ಲಿಗೆ ತೀರ್ಮಾನ ಆಯಿತು. ಹೊಸ ಲೆಕ್ಕ ಇದು. ರಾತ್ರಿ ರೈಲು ಹೋಗುವುದು, ರಾತ್ರಿ ರೈಲು ಬರುವುದು, ಸ್ಲೀಪರಿನಲ್ಲಿ 700. ನೋಡುವವರ ಟಿಕೆಟ್ 200. ಊರೊಳಗೆ ಓಡಾಟ 400. ಊಟ 300. ಒಟ್ಟು 1,600. ನಡೆಸುವವರಿಗೆ ಫೋನ್ ಮಾಡಿ ಕೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹಾರಾಟ ನಿಲ್ಲಿಸುತ್ತಾರಂತೆ, ಆಗ ನೋಡಲು ಬಂದವರೂ ಹಗ್ಗ ದಾಟಿ ವಿಮಾನಗಳ ಹತ್ತಿರ ಹೋಗಬಹುದಂತೆ. ನನಗೆ ಬೇಕಾದ್ದು ಆ ಒಂದು ತಾಸು. ಹಿರಿಯರು ಈ ಸಲವೂ ಬರುತ್ತಾರಾ? ಅವರ ಹೆಸರು ಕೂಡ ಕೇಳಿಟ್ಟುಕೊಂಡಿಲ್ಲ ನಾನು. ಅವರಲ್ಲದಿದ್ದರೆ ಅಂಥ ಇನ್ನೊಬ್ಬರು ಇರುತ್ತಾರೆ. ವಿಮಾನ ಕಂಡರೆ ಕೇಳದೇ ಎತ್ತಿ ನೋಡುವವರು.

ಪೂರ್ತಿ ವಿಮಾನ ಬೇಡ, ಸರಿ. ಆದರೆ ರೆಕ್ಕೆ ತೋರಿಸದೆ ಏನು ಕೇಳುವುದು? ಅದೃಷ್ಟಕ್ಕೆ ನಡುವೆ ಬಿಚ್ಚುವ ಹಾಗೆ ಕಟ್ಟಿದ್ದೇನೆ. ಎರಡು ತುಂಡು, ಒಂದೊಂದು 70 ಸೆಂಟಿಮೀಟರ್. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಡಬ್ಬಿಯೂ ಇಲ್ಲ. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರಂ 1,507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ಹೆಮ್ಮೆ. ನಮ್ಮ ಬೋಗಿ ಆ ಕಡೆ ತುದಿಗೆ ನಿಂತರೂ ಎರಡು ರೆಕ್ಕೆ ಹಿಡಿದು ಓಡಬಹುದು. ಟಿವಿ ಡಬ್ಬಿ ಹೊತ್ತು ಓಡಿ ನೋಡಿ.

ಈಗ ಅಮ್ಮ ಮಾಡುತ್ತಿರುವುದು ನೋಡಿ. ಅಜ್ಜಿ ಹೊಲಿದ ಹಳೇ ಕೌದಿ. ಒಳಗೆ ಎರಡು ರೆಕ್ಕೆ, ನಡುವೆ ಒಂದು ಟವೆಲ್. ಸುತ್ತಿ, ಹುರಿಯಿಂದ ಕಟ್ಟಿ, ಬಟ್ಟೆ ಗಂಟಿನ ಹಾಗೆ ಮಾಡಿಬಿಟ್ಟಳು. ಇದರ ಮೇಲೆ ಯಾರಾದರೂ ಮೆಣಸಿನಕಾಯಿ ಚೀಲ ಇಡಬೇಕಾದರೆ ಮೊದಲು ನನ್ನ ಮೇಲೆ ಇಡಬೇಕು.

ಟಿಕೆಟ್ ತೆಗೆದಾಗಿದೆ. ಅಪ್ಪರ್ ಬರ್ತ್ ಕೇಳಿದ್ದೆ, ಸಿಕ್ಕಿದೆ. ರೆಕ್ಕೆ ಗೋಡೆ ಕಡೆ, ನಾನು ಅಂಚಿಗೆ. ಕೌದಿ ಮಾತ್ರ ಮರೆಯದೆ ವಾಪಸ್ ತರಬೇಕಂತೆ. ರೆಕ್ಕೆ ಬಗ್ಗೆ ಅಮ್ಮ ಏನೂ ಹೇಳಲಿಲ್ಲ.