ಹೆಲ್ಸಿಂಕಿಯ ಮೂರನೇ ಬಟ್ಟಲು

ಕೇಳುಗರಿಗೆ, ಅದರಲ್ಲೂ ಕಾಫಿ ಬೆಳೆಗಾರ ಬಂಧುಗಳಿಗೆ ನಮಸ್ಕಾರ. ಕೊಯ್ಲಿನ ದಿನಗಳು, ಕಣದಲ್ಲಿ ಕಾಫಿ ಹರಡಿರುತ್ತೆ, ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತು. ನಾನು ಹೇಳೋದು ಒಂದೇ ಮಾತು: ಕೆಂಪು ಹಣ್ಣನ್ನು ಮಾತ್ರ ಬಿಡಿಸಿ. ನನಗೆ ಇದನ್ನು ಮನದಟ್ಟು ಮಾಡಿಸಿದ ಊರು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ.

ಡಿಸೆಂಬರಿನಲ್ಲಿ, ಕಾಫಿ ಮಾರೋಕೆ ಹೋಗಿದ್ದೆ. ಅಲ್ಲಿ ಆ ತಿಂಗಳು ಸೂರ್ಯ ಹುಟ್ಟೋದು ಬೆಳಿಗ್ಗೆ 9 ಗಂಟೆ ಕಳೆದ ಮೇಲೆ, ಮುಳುಗೋದು ಮಧ್ಯಾಹ್ನ 3 ಗಂಟೆ ದಾಟಿದ ಕೂಡಲೇ. ಎಂಟು ಗಂಟೆಗೆ ರೈಲು ನಿಲ್ದಾಣದ ಮುಂದೆ ನಿಂತರೆ ಕಗ್ಗತ್ತಲು. ಬಾಗಿಲ ಎರಡೂ ಪಕ್ಕ ಇಬ್ಬಿಬ್ಬರಂತೆ ನಾಲ್ಕು ಕಲ್ಲಿನ ಆಳುಗಳು, ಕೈಯಲ್ಲಿ ಗುಂಡು ದೀಪ ಹಿಡಿದು ನಿಂತಿದ್ದಾರೆ. ಆ ಬೆಳಕಲ್ಲಿ ಹಿಮ ಉದುರ್ತಾ ಇತ್ತು, ಹತ್ತಿ ಬಿಡಿಸಿದ ಹಾಗೆ. ಜನ ಮಾತ್ರ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹೋಗ್ತಾ ಇದ್ದರು. ಕಾಲುದಾರಿಗೆ ಜಲ್ಲಿ ಚೆಲ್ಲಿರ್ತಾರೆ, ಜಾರಬಾರದು ಅಂತ. ಪೇಟೆ ನಡುವಿನ ಕೆಲವು ಬೀದಿಗಳಲ್ಲಂತೂ ಕಲ್ಲಿನಡಿ ಬಿಸಿನೀರಿನ ಕೊಳವೆ ಹಾಯಿಸಿದ್ದಾರೆ, ಹಿಮ ಬಿದ್ದಲ್ಲೇ ಕರಗುತ್ತೆ. ಚಳಿಯನ್ನು ಬೈಯೋದಿಲ್ಲ, ಅದಕ್ಕೆ ತಯಾರಾಗ್ತಾರೆ. ನನಗೆ ಬಹಳ ಹಿಡಿಸಿತು.

ಆ ಕತ್ತಲಲ್ಲಿ ಅವರ ಆಸರೆ ಕಾಫಿ. ನಾವು ಕಾಪಿ ಅಂತೀವಿ, ಅವರು ಕಹ್ವಿ ಅಂತಾರೆ. ಜಗತ್ತಿನಲ್ಲಿ ತಲೆವಾರು ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಅವರೂ ಇದ್ದಾರೆ, ವರ್ಷಕ್ಕೆ ತಲೆಗೆ ಸುಮಾರು 10 ಕಿಲೋ. ಆದರೆ ಹುರಿಯೋದು ತಿಳಿಯಾಗಿ, ಒಳ್ಳೇ ಬೆಲ್ಲದ ಬಣ್ಣಕ್ಕೆ. ನಾವು ಕಡು ಹುರಿದು, ಚಿಕೋರಿ ಬೆರೆಸಿ, ಹಾಲು ಹಾಕ್ತೀವಿ. ಬಲಿಯದ ನಾಲ್ಕು ಕಾಯಿ ಸೇರಿದ್ದರೂ ನಾಲಿಗೆಗೆ ಸಿಗೋದಿಲ್ಲ. ಅವರ ತಿಳಿ ಹುರಿಯಲ್ಲಿ ಯಾವುದೂ ಮುಚ್ಚಿಹೋಗೋದಿಲ್ಲ. ನೀರೂ ಹಾಗೇ. 120 ಕಿಲೋಮೀಟರ್ ಉದ್ದದ ಬಂಡೆಯ ಸುರಂಗದಲ್ಲಿ ಪೈಯಾನ್ನೆ ಸರೋವರದಿಂದ ಊರಿಗೆ ಬರುವ, ಲವಣ ಕಡಿಮೆಯಿರುವ ಮೆದು ನೀರು.

ಈಗ ಆ ಬಟ್ಟಲಿನ ವಿಷಯಕ್ಕೆ ಬರ್ತೀನಿ. ಖರೀದಿದಾರರ ರುಚಿ ಪರೀಕ್ಷೆಯ ಕೋಣೆ, ಮಧ್ಯಾಹ್ನ ಮೂರೂವರೆ, ಕಿಟಕಿಯಾಚೆ ಆಗಲೇ ರಾತ್ರಿ. ನನ್ನ ಮಾದರಿಯ ಐದು ಬಟ್ಟಲು ಸಾಲಾಗಿ ಇಟ್ಟಿದ್ದರು. ಪುಡಿಗೆ ಬಿಸಿನೀರು ಹೊಯ್ದು ನಾಲ್ಕು ನಿಮಿಷ ಬಿಟ್ಟರು. ಆಮೇಲೆ ರುಚಿ ನೋಡುವ ಹೆಂಗಸು ಬಗ್ಗಿ, ಚಮಚದಿಂದ ಮೇಲೆ ತೇಲುವ ಪುಡಿಯ ಪದರ ಸರಿಸಿ ಮೂಸಿದರು. ಒಂದನೇದು ಸೊರ್ರನೆ ಹೀರಿದರು, ಎರಡನೇದು ಹೀರಿದರು. ಮೂರನೇದಕ್ಕೆ ನಿಂತರು. ಮಾತಿಲ್ಲ. ಅಲ್ಲಿಯ ಜನ ಯೋಚಿಸುವಾಗ ಸುಮ್ಮನಿರ್ತಾರೆ, ನಾವೂ ಸುಮ್ಮನಿರಬೇಕು. ನಾನು ಇದ್ದೆ. ಗೋಡೆ ಗಡಿಯಾರದ ಸದ್ದು ಕೇಳ್ತಿತ್ತು. ಕೊನೆಗೆ ಆ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಹೀರಿದೆ. ಹಸಿ ಕಡಲೆಕಾಯಿ! ಅದೇ ರುಚಿ, ಬಾಯಿ ಒಗರು. ಹುರಿದ ಬೀಜದ ತಟ್ಟೆ ತರಿಸಿ ಕೈಯಾಡಿಸಿದರು. ಕಂದು ಬೀಜದ ನಡುವೆ ಬಿಳಿಚಿಕೊಂಡ ಬೀಜಗಳು. ಬಲಿಯದ ಕಾಯಿಯ ಬೀಜ ಹುರಿದಾಗ ಉಳಿದವುಗಳಷ್ಟು ಬಣ್ಣ ತಿರುಗೋದಿಲ್ಲ. ಉಳಿದ ನಾಲ್ಕು ಬಟ್ಟಲು ಚೆನ್ನಾಗಿದ್ದವು ಸ್ವಾಮಿ! ಆದರೂ ಆ ಲಾಟು, ಅಂದರೆ ಆ ಮಾದರಿ ತೆಗೆದ ಇಡೀ ಸರಕು, ಮಾರಾಟವಾಗಲಿಲ್ಲ.

ಆಮೇಲೆ ಆಕೆಯೇ ಬಂದರಿನ ಸಂತೆಗೆ ಕರೆದುಕೊಂಡು ಹೋಗಿ, ಕಿತ್ತಳೆ ಬಣ್ಣದ ಡೇರೆಯಲ್ಲಿ ಕಾಫಿ, ಬನ್ನು ಕೊಡಿಸಿದರು. ಬನ್ನು ಮುರಿದರೆ ಏಲಕ್ಕಿ ಘಮ! ಅವರ ಸಿಹಿ ಬನ್ನಿಗೆ ಏಲಕ್ಕಿ ಇಲ್ಲದೆ ನಡೆಯೋದಿಲ್ಲ. ಹೊರಗೆ ಸಮುದ್ರದ ಗಾಳಿ ಕಿವಿ ಕತ್ತರಿಸ್ತಿತ್ತು, ನನಗೆ ಮಾತ್ರ ನಮ್ಮ ಮಲೆನಾಡಿನ ಅಡುಗೆಮನೆಯಲ್ಲಿ ಕೂತ ಹಾಗಾಯಿತು.

ಚೀಲ, ತೇವಾಂಶ, ಸಾಗಣೆ ಇವನ್ನೆಲ್ಲ ಹೇಳಬೇಕೆಂದಿದ್ದೆ, ಸಮಯ ಮುಗೀತಾ ಬಂತು. ಅಲ್ಲಿಗೆ ಹೋಗುವವರಿಗೆ ಇಷ್ಟು: ಉಣ್ಣೆಯ ಒಳ ಅಂಗಿ, ಹಿಡಿತವಿರುವ ಬೂಟು, ಐದು ನಿಮಿಷ ಮುಂಚೆ ಹಾಜರಿ.

ಕೊಂಬೆಯ ಕಾಯಿ, ಹಣ್ಣು ಎಲ್ಲವನ್ನೂ ಒಟ್ಟಿಗೆ ಸವರಿ ಹಾಕೋದನ್ನು ದಯವಿಟ್ಟು ನಿಲ್ಲಿಸಿ. ಹಣ್ಣಾದ ಹಾಗೆ ಮೂರು ಸುತ್ತು ಕೊಯ್ಯಿಸಿದರೆ ಕೂಲಿ ಹೆಚ್ಚು ಅಂತೀರಿ, ಹೌದು, ಹೆಚ್ಚು. ಆ ಕೂಲಿಯ ಜೊತೆ ತಿರಸ್ಕಾರಗೊಂಡ ಲಾಟಿನ ಲೆಕ್ಕವನ್ನೂ ಇಟ್ಟು ನೋಡಿ. ನಾಳೆ ಬೆಳಿಗ್ಗೆ ಕೊಯ್ಯುವವರ ಸೊಂಟಕ್ಕೆ ಎರಡು ಚೀಲ ಕಟ್ಟಿಸಿ, ಒಂದು ಹಣ್ಣಿಗೆ, ಇನ್ನೊಂದು ತಪ್ಪಿ ಬಂದ ಕಾಯಿಗೆ. ಸಂಜೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರಿಗೆ ಸುರಿಯುವ ಮೊದಲು ಹಣ್ಣಿನ ಚೀಲಕ್ಕೆ ನೀವೇ ಕೈ ಹಾಕಿ, ಒಂದು ಬೊಗಸೆ ತೆಗೆದು ನೋಡಿ. ನಮಸ್ಕಾರ.