ಆರು ಪ್ರತಿ ಅಗ್ರಿಮೆಂಟ್, ಒಂದು ಡಿವೋರ್ಸ್, ಒಂದು ಬೇಸ್‌ಬಾಲ್ ಟೀಮ್

ನಮಸ್ಕಾರ. ನೀವು ಪದೇ ಪದೇ ಕೇಳುವ ಪ್ರಶ್ನೆ ಇದು. ಗಂಡ ಹೆಂಡತಿ ಸೇರಿ ಬಿಸಿನೆಸ್ ಕಟ್ಟಿದ್ದಾರೆ, ಈಗ ಡಿವೋರ್ಸ್. ಬಿಸಿನೆಸ್ ಯಾರ ಪಾಲಿಗೆ?

ಕ್ಯಾಲಿಫೋರ್ನಿಯಾದಂಥ ಕಡೆ ಮದುವೆಯಾದ ಮೇಲೆ ಗಳಿಸಿದ್ದು ಸಾಮಾನ್ಯವಾಗಿ ಇಬ್ಬರಿಗೂ ಅರ್ಧರ್ಧ. ಬೇಡ ಅಂದರೆ ಮೊದಲೇ ಬರೆದು ಸಹಿ ಹಾಕಿಕೊಳ್ಳಬಹುದು. ಬೇಸಿಕ್ಸ್ ಇಷ್ಟು ಸಾಕು, ಕಥೆಗೆ ಬರೋಣ.

[ತೆರೆಯ ಮೇಲೆ: ಡಾಡ್ಜರ್ ಸ್ಟೇಡಿಯಂ]

ಫ್ರಾಂಕ್ ಮೆಕೋರ್ಟ್, ಜೇಮಿ ಮೆಕೋರ್ಟ್. 1979ರಲ್ಲಿ ಮದುವೆ. ಬಾಸ್ಟನ್‌ನಲ್ಲಿ ರಿಯಲ್ ಎಸ್ಟೇಟ್. 2004ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡವನ್ನು ಸುಮಾರು 43 ಕೋಟಿ ಡಾಲರ್‌ಗೆ ಕೊಂಡರು. ಅದರಲ್ಲಿ ಸಾಲವೇ ಜಾಸ್ತಿ. ಜೇಮಿ ಮುಂದೆ ತಂಡದ ಸಿಇಒ ಆದರು. 2009ರ ಅಕ್ಟೋಬರ್‌ನಲ್ಲಿ ಇಬ್ಬರೂ ಬೇರೆಯಾದ ಸುದ್ದಿ ಹೊರಬಿತ್ತು. ಅದೇ ತಿಂಗಳು ಫ್ರಾಂಕ್ ಕಡೆಯಿಂದ ಜೇಮಿಗೆ ಒಂದು ಪತ್ರ ಹೋಯಿತು. ಕೆಲಸದಿಂದ ವಜಾ! ಹೆಂಡತಿಗೆ ಟರ್ಮಿನೇಷನ್ ಲೆಟರ್ ಕೊಡುವ ಧೈರ್ಯ ನೋಡಿ.

ಟೀಮ್ ನನ್ನದು ಅಂದರು ಫ್ರಾಂಕ್. ಅರ್ಧ ನನ್ನದು ಅಂದರು ಜೇಮಿ. ಫ್ರಾಂಕ್ 2004ರ ಅಗ್ರಿಮೆಂಟ್ ತೆಗೆದು ತೋರಿಸಿದರು. ಬಿಸಿನೆಸ್ ಮುಳುಗಿದರೂ ಸಾಲ ಕೊಟ್ಟವರು ಮನೆಗೆ ಕೈಹಾಕಬಾರದು ಅಂತ, ಮನೆಗಳು ಜೇಮಿಗೆ, ಬಿಸಿನೆಸ್ ಫ್ರಾಂಕ್‌ಗೆ ಎಂದು ಬರೆಸಿದ್ದ ಪತ್ರ. ಮನೆಯನ್ನು ಹೆಂಡತಿ ಹೆಸರಿಗೆ ಮಾಡಿಡುವುದು ನಮ್ಮಲ್ಲೂ ಇದೆ, ಅಲ್ವಾ?

ಮಜಾ ಇರುವುದು ಇಲ್ಲಿ. ಆ ಪತ್ರಕ್ಕೆ ಆರು ಪ್ರತಿ. ಆರಕ್ಕೂ ಇಬ್ಬರ ಸಹಿ. ಜೊತೆಗೆ ಫ್ರಾಂಕ್‌ನ ಸ್ವಂತ ಆಸ್ತಿಯ ಪಟ್ಟಿ. ಮೂರು ಪ್ರತಿಗಳ ಪಟ್ಟಿಯಲ್ಲಿ ಡಾಡ್ಜರ್ಸ್ ಸೇರಿದೆ. ಇನ್ನು ಮೂರರಲ್ಲಿ ಡಾಡ್ಜರ್ಸ್ ಬಿಟ್ಟು ಉಳಿದದ್ದು ಅಂತಿದೆ! ಕೋಟಿಗಟ್ಟಲೆ ಡಾಲರಿನ ತಂಡ, ಯಾವ ಪ್ರತಿ ಕೈಗೆ ಸಿಕ್ಕಿತು ಅನ್ನುವುದರ ಮೇಲೆ ಮಾಲೀಕರು ಬದಲು. ಪತ್ರ ಸಿದ್ಧಪಡಿಸಿದ ವಕೀಲರು ಕಟಕಟೆಯಲ್ಲಿ ಹೇಳಿದ್ದು ಇನ್ನೂ ಚೆನ್ನಾಗಿದೆ: ತಪ್ಪು ಕಂಡಿತು, ಸಹಿ ಆದ ಮೇಲೆ ನಾನೇ ಆ ಪಟ್ಟಿಯ ಹಾಳೆ ಬದಲಿಸಿದೆ. ಗಂಡ ಹೆಂಡತಿಗೆ ಹೇಳಿದ್ರಾ? ಇಲ್ಲ. ಜೇಮಿ ಸ್ವತಃ ಕಾನೂನು ಓದಿ, ಕೌಟುಂಬಿಕ ಕೇಸುಗಳನ್ನೇ ನಡೆಸಿದವರು. ಅವರೂ ಸಹಿ ಹಾಕುವಾಗ ಸರಿಯಾಗಿ ಓದಿರಲಿಲ್ಲವಂತೆ. ನಾವು ಆ್ಯಪ್‌ಗಳಲ್ಲಿ ಸುಮ್ನೆ 'ಒಪ್ಪಿಗೆ' ಒತ್ತುವವರು, ನಗುವ ಹಾಗಿಲ್ಲ.

2010ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಸ್ಕಾಟ್ ಗಾರ್ಡನ್ ಅಗ್ರಿಮೆಂಟನ್ನೇ ರದ್ದು ಮಾಡಿದರು. 2011ರ ಜೂನ್‌ನಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜಿ: ಸುಮಾರು 13 ಕೋಟಿ ಡಾಲರ್ ಜೇಮಿಗೆ, ತಂಡ ಫ್ರಾಂಕ್‌ಗೆ. ಮರು ವರ್ಷ ತಂಡ ಮಾರಾಟವಾದದ್ದು 200 ಕೋಟಿ ಡಾಲರ್‌ಗೆ! ಮೋಸ ಆಯಿತು ಅಂತ ಜೇಮಿ ಮತ್ತೆ ಕೋರ್ಟಿಗೆ ಹೋದರು. 2013ರಲ್ಲಿ ಸೋತರು.

ಈಗ ನಮ್ಮ ದೇಶ. ಟೈಮ್ ಇಲ್ಲ, ಬೇಗ ಬೇಗ ಹೇಳ್ತೀನಿ. ಇಲ್ಲಿ ಮದುವೆಯಾದ ಮಾತ್ರಕ್ಕೆ ಅರ್ಧ ಪಾಲು ಬರುವುದಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಕಾನೂನು, ಅಲ್ಲಿನ ಕಥೆ ಬೇರೆ. ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರೇ ಮಾಲೀಕರು ಆದರೆ, ಹೆಸರಿದ್ದವರದೇ ಅಂಗಡಿ. ಪಾರ್ಟ್ನರ್‌ಶಿಪ್ ಡೀಡ್‌ನಲ್ಲಿ ಅವಧಿ ಗಿವಧಿ ಏನೂ ಇಲ್ಲದಿದ್ದರೆ ಒಬ್ಬರು ನೋಟಿಸ್ ಕೊಟ್ಟರೂ ಫರ್ಮ್ ಮುಗಿಯಿತು. ಪ್ರೈವೇಟ್ ಲಿಮಿಟೆಡ್‌ನಲ್ಲಿ ಷೇರು ಲೆಕ್ಕ. ಹತ್ತನೇ ಒಂದು ಭಾಗ ಷೇರಿದ್ದರೆ, ಕಂಪನಿ ನಡೆಸುವುದರಲ್ಲಿ ಅನ್ಯಾಯ ಆಗುತ್ತಿದೆ ಅಂತ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು.

ಹೆಸರೇ ಇಲ್ಲದೆ ವರ್ಷಗಟ್ಟಲೆ ಗಲ್ಲಾದಲ್ಲಿ ಕೂತ ಹೆಂಡತಿಗೆ? ಹೆಚ್ಚಾಗಿ ಜೀವನಾಂಶವೇ ಗತಿ. ಇದು ನ್ಯಾಯ ಅಂತ ನನಗಂತೂ ಅನಿಸುವುದಿಲ್ಲ. 2020ರಲ್ಲಿ ರಜನೇಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಬೇಕು ಅಂದಿದೆ. ಡಿವೋರ್ಸ್ ನೋಟಿಸ್ ಬಂದ ವರ್ಷವೇ ಲಾಭ ದಿಢೀರನೆ ಬಿದ್ದುಹೋಗುವ ಅಂಗಡಿಗಳಿಗೆ ಇದರಿಂದ ಸ್ವಲ್ಪ ತಲೆನೋವು.

ಕೊನೆಗೆ ಒಂದು. ಬಿಸಿನೆಸ್ ಸಾಲಕ್ಕೆ ಹೆಂಡತಿ ಗ್ಯಾರಂಟಿ ಸಹಿ ಹಾಕಿದ್ದರೆ, ಡಿವೋರ್ಸ್ ಆದೇಶ ತೋರಿಸಿದ ಮಾತ್ರಕ್ಕೆ ಬ್ಯಾಂಕ್ ಬಿಡುವುದಿಲ್ಲ. ಅಂಗಡಿಯಲ್ಲಿ ಪಾಲಿಲ್ಲ, ಸಾಲದಲ್ಲಿ ಮಾತ್ರ ಹೆಸರು! ಇದರ ಬಗ್ಗೆ ಮುಂದಿನ ವಿಡಿಯೋ.