ಹತ್ತು ಜನ ಸೇರಬೇಕು: ಮುಂಬೈನ ಯೆಹೂದಿ ನೆರೆಹೊರೆಯವರು

ಅಧ್ಯಕ್ಷರಿಗೆ, ಕನ್ನಡ ಸಂಘದ ಹಿರಿಯರಿಗೆ, ಭಾನುವಾರದ ನಿದ್ದೆ ಬಿಟ್ಟು ಬಂದಿರುವ ನಿಮಗೆಲ್ಲ ನಮಸ್ಕಾರ.

ಕಾರ್ಯದರ್ಶಿಗಳು ಫೋನ್ ಮಾಡಿ, "ಸಾರ್, ಮುಂಬೈ ಯೆಹೂದಿಗಳು ಅಂದ್ರೆ ಸಸೂನ್ ಬಗ್ಗೆ ಮಾತಾಡ್ತೀರಲ್ವಾ?" ಎಂದು ಕೇಳಿದರು. ಐದು ನಿಮಿಷ ಸಸೂನ್, ಉಳಿದ ಹೊತ್ತೆಲ್ಲ ಬೇರೆಯವರು ಎಂದೆ. ಆ ಐದು ನಿಮಿಷ ಮೊದಲೇ ಮುಗಿಸಿಬಿಡುತ್ತೇನೆ.

ಡೇವಿಡ್ ಸಸೂನ್ ಬಾಗ್ದಾದಿನವರು. 1832ರ ಹೊತ್ತಿಗೆ ಮುಂಬೈಗೆ ಬಂದರು. ಹತ್ತಿ, ಅಫೀಮು ವ್ಯಾಪಾರದಲ್ಲಿ ಬಹಳ ದೊಡ್ಡ ದುಡ್ಡು ಮಾಡಿದರು. ಕಾಲಾ ಘೋಡಾದ ಲೈಬ್ರರಿ, ಭಾಯ್ಖಳಾದ ಮಾಗೆನ್ ಡೇವಿಡ್ ಸಿನಗಾಗ್ (ಸಿನಗಾಗ್ ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ), ಫೋರ್ಟಿನಲ್ಲಿ 1884ರ ಕೆನೆಸೆತ್ ಎಲಿಯಾಹೂ ಸಿನಗಾಗ್, ಕೊಲಾಬಾದಲ್ಲಿ ಬೆಳಗಿನ ಜಾವ ಮೀನು ಇಳಿಯುವ ಸಸೂನ್ ಡಾಕ್, ಎಲ್ಲವೂ ಆ ಮನೆತನದ್ದು. ನೀವೆಲ್ಲ ನೋಡಿದ್ದೀರಿ. ಹೆರಿಟೇಜ್ ವಾಕ್‌ನವರು ಕರೆದುಕೊಂಡು ಹೋಗಿ ತೋರಿಸುವುದೂ ಇವನ್ನೇ. ಕೆನೆಸೆತ್ ಎಲಿಯಾಹೂವಿನ ರಿಪೇರಿ 2019ರಲ್ಲಿ ಮುಗಿಯಿತು. ಒಳಗಿನ ಬಣ್ಣದ ಗಾಜು ನೋಡಿದರೆ ಕಣ್ಣು ತುಂಬುತ್ತದೆ. ಹೋಗಿ ನೋಡಿ, ಬೇಡ ಅನ್ನುವುದಿಲ್ಲ.

ಆದರೆ ಯೆಹೂದಿ ಪ್ರಾರ್ಥನೆ ಪೂರ್ತಿಯಾಗಿ ನಡೆಯಬೇಕಾದರೆ ಹತ್ತು ಜನ ಗಂಡಸರು ಬೇಕು. ಹದಿಮೂರು ವರ್ಷ ದಾಟಿದವರು. ಇದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತೇ ಜನ ಇದ್ದರೆ ಅವರ ಧರ್ಮಗ್ರಂಥ ತೋರಾದ ಸುರುಳಿ ತೆಗೆದು ಓದುವ ಹಾಗಿಲ್ಲ. ತೀರಿಕೊಂಡ ತಂದೆಗಾಗಿ ಮಗ ಹೇಳುವ ಕದ್ದಿಶ್ ಪ್ರಾರ್ಥನೆಯನ್ನೂ ಹೇಳುವ ಹಾಗಿಲ್ಲ. ಮೇಲೆ ಎಂಥ ಗಾಜು ಇದ್ದರೇನು, ಕೆಳಗೆ ಹತ್ತು ಜನ ಇಲ್ಲದಿದ್ದರೆ ಆ ಮಗ ಸುಮ್ನೆ ಮನೆಗೆ ವಾಪಸ್ ಹೋಗಬೇಕು. ಈ ನಗರದಲ್ಲಿ ಆ ಹತ್ತು ಜನ ಯಾರು, ಎಲ್ಲಿಂದ ಬಂದರು? ಅದನ್ನೇ ಹೇಳೋಣ ಅಂತ ಬಂದಿದ್ದೇನೆ.

ಅವರು ಬೆನೆ ಇಸ್ರೇಲಿಗಳು. ನಮ್ಮ ಠಾಣೆ ನಗರದಲ್ಲಿ ನಿಮ್ಮ ಪಕ್ಕದಲ್ಲೇ ಇದ್ದಿರಬಹುದು, ನಿಮಗೆ ಗೊತ್ತಾಗಿರುವುದಿಲ್ಲ. ಪೆಣ್‌ಕರ್, ರೋಹೆಕರ್, ದಿವೇಕರ್, ನವಗಾಂವ್‌ಕರ್ ಎಂದು ಅಡ್ಡಹೆಸರು. ಮನೆಮಾತು ಮರಾಠಿ. ಅಲಿಬಾಗ್ ಹತ್ತಿರ ನವಗಾಂವ್ ಕಡಲಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು, ನಾವು ಅವರ ಸಂತಾನ ಎಂದು ಅವರು ಹೇಳಿಕೊಳ್ಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಹಾಗಾಗಿ ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಹೀಬ್ರೂ ಮರೆತುಹೋಗಿತ್ತು, ಗ್ರಂಥವೂ ಇರಲಿಲ್ಲ. 'ಶೆಮಾ ಇಸ್ರಾಯೇಲ್' ಎಂಬ ಒಂದು ಪ್ರಾರ್ಥನೆ, ಸುನ್ನತಿ, ಶನಿವಾರದ ವಿಶ್ರಾಂತಿ, ಊಟದ ನಿಯಮ, ಇಷ್ಟೇ ಉಳಿದಿದ್ದವು.

ಊಟದ ನಿಯಮಕ್ಕೂ ಒಂದು ಕತೆ ಇದೆ. ಡೇವಿಡ್ ರಹಾಬಿ ಎಂಬ ಒಬ್ಬ ಯೆಹೂದಿ ಈ ಎಣ್ಣೆಯವರ ಸುದ್ದಿ ಕೇಳಿ ಹುಡುಕಿಕೊಂಡು ಬಂದನಂತೆ. ಇವರು ನಿಜಕ್ಕೂ ನಮ್ಮವರೇನಾ ಅಂತ ನೋಡಲು ಹೆಂಗಸರಿಗೆ ಒಂದು ಬುಟ್ಟಿ ಬೆರಕೆ ಮೀನು ಕೊಟ್ಟು, ಅಡುಗೆ ಮಾಡಿ ಎಂದನಂತೆ. ಅವರು ರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಪಕ್ಕಕ್ಕಿಟ್ಟರು. ಅಷ್ಟೇ, ಆತನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಈ ಕತೆ ನನಗೆ ತುಂಬಾ ಇಷ್ಟ. ಗಂಡಸರು ಗ್ರಂಥ ಕಳೆದುಕೊಂಡಿದ್ದರು, ಹೆಂಗಸರು ಮೀನಿನ ಬುಟ್ಟಿಯಲ್ಲಿ ಧರ್ಮ ಉಳಿಸಿಕೊಂಡಿದ್ದರು.

ಇನ್ನು ನಮಗೆ, ಕನ್ನಡದವರಿಗೆ, ಸೇರಿದ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಧ್ಯಕ್ಷರು ಒಪ್ಪಬೇಕು.

ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯಕ್ಕೆ ಬೆನೆ ಇಸ್ರೇಲಿ ಹುಡುಗರು ಬಹಳ ಮಂದಿ ಸೇರಿದ್ದರು. ಅವರಲ್ಲಿ ಒಬ್ಬರು ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, ಊರವರ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕಿದರು. ಮುಂದಿನದು ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಕತೆ. ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಒಬ್ಬೊಬ್ಬರನ್ನೇ, ನೀನು ಯಾರು, ಯಾವ ಜಾತಿ ಎಂದು ಕೇಳುತ್ತಿದ್ದಾರೆ. ತಲೆ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ದಿವೇಕರ್ ಸರದಿ ಬಂದಾಗ "ಬನಿ ಇಸ್ರಾಯಿಲ್" ಎಂದರು. ಪರದೆಯ ಹಿಂದೆ ಟಿಪ್ಪುವಿನ ತಾಯಿ ಇದ್ದರು. ಆ ಮಾತು ಅವರ ಕಿವಿಗೆ ಬಿತ್ತು. "ಕುರಾನಿನಲ್ಲಿ ಓದಿದ ಜನ ಇವರು. ಇವತ್ತಿನವರೆಗೆ ಕಣ್ಣಾರೆ ನೋಡಿರಲಿಲ್ಲ. ಇವರನ್ನು ಕೊಲ್ಲಬೇಡಪ್ಪ" ಎಂದು ಮಗನಿಗೆ ಹೇಳಿದರು. ಮಗ ತಾಯಿಯ ಮಾತು ಮೀರಲಿಲ್ಲ.

ಬದುಕಿ ಊರಿಗೆ ಮುಟ್ಟಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆ ಎಂದು ದಿವೇಕರ್ ಸೆರೆಯಲ್ಲಿ ಹರಕೆ ಹೊತ್ತಿದ್ದರಂತೆ. ಮುಂಬೈಯ ಮಾಂಡ್ವಿಯಲ್ಲಿ 1796ರಲ್ಲಿ ಸಿನಗಾಗ್ ಕಟ್ಟಿಸಿಯೇಬಿಟ್ಟರು. ಮುಂಬೈಯ ಮೊದಲ ಸಿನಗಾಗ್ ಅದು, ಶಾರ್ ಹರಹಮೀಮ್, ಅಂದರೆ ದಯೆಯ ಬಾಗಿಲು. ಆ ಬೀದಿಗೆ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂದು ಅವರದೇ ಹೆಸರು ಬಂತು. ಸಿಎಸ್‌ಎಂಟಿ ಬಿಟ್ಟ ಮೇಲೆ ಮೊದಲು ಬರುವ ಮಸ್ಜಿದ್ ಸ್ಟೇಷನ್ ಇದೆಯಲ್ಲ, ಅದರ ಹೆಸರಿನ ಮಸ್ಜಿದ್ ಈ ಸಿನಗಾಗೇ ಎಂದು ಹೇಳುವವರು ಬಹಳ ಮಂದಿ. ಊರವರು ಇದನ್ನು ಜುನಿ ಮಸ್ಜಿದ್, ಅಂದರೆ ಹಳೇ ಮಸೀದಿ, ಎಂದೇ ಕರೆಯುತ್ತಿದ್ದರು. ನಮ್ಮ ಮೈಸೂರಿನಲ್ಲಿ ಉಳಿದ ಒಂದು ಜೀವದಿಂದ ಮುಂಬೈಯಲ್ಲಿ ಒಂದು ದೇವರ ಮನೆ ಎದ್ದಿದೆ. ದಿನಾ ಆ ಸ್ಟೇಷನ್ ದಾಟಿ ಆಫೀಸಿಗೆ ಹೋಗುವವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರಿ! ಆ ಬೀದಿಗೆ ಹೆರಿಟೇಜ್ ವಾಕ್‌ಗಳು ಅಷ್ಟಾಗಿ ಹೋಗುವುದಿಲ್ಲ. ಅಲ್ಲಿ ಬಣ್ಣದ ಗಾಜು ಇಲ್ಲ, ಕೈಗಾಡಿ, ಗೋಣಿಚೀಲ, ಸಗಟು ಅಂಗಡಿಗಳ ಗದ್ದಲ ಇದೆ.

ನೋಡಿ, ಮತ್ತೆ ಹತ್ತು ಜನದ ವಿಷಯಕ್ಕೇ ಬಂದೆ. ಬಾಗ್ದಾದಿನಿಂದ ಬಂದ ಸಾಹುಕಾರರು ಈ ಮರಾಠಿ ಯೆಹೂದಿಗಳನ್ನು ಸರಿಸಮ ಎಂದು ಕಾಣಲಿಲ್ಲ. ಮಿನ್ಯಾನಿಗೆ ಇವರನ್ನು ಎಣಿಸಬಾರದು ಎಂದವರಿದ್ದರು. ಸ್ಮಶಾನದಲ್ಲಿ ನಡುವೆ ಗೋಡೆ ಹಾಕಿಸಿ ಎಂದು 19ನೇ ಶತಮಾನದಲ್ಲಿ ಸರ್ಕಾರಕ್ಕೆ ಅರ್ಜಿಯನ್ನೂ ಕೊಟ್ಟರು. ಬೆನೆ ಇಸ್ರೇಲಿಗಳ ಒಳಗೂ ಗೋರಾ, ಕಾಲಾ ಎಂಬ ಭೇದ ಇತ್ತು. ಕಾಲಾ ಮನೆತನದವರ ಜೊತೆ ಮದುವೆ ಇಲ್ಲ. ನಮ್ಮ ನೆಲದ ರೋಗ ಅವರಿಗೂ ಅಂಟಿತ್ತು. ಸಮುದಾಯವನ್ನು ಹೊಗಳಲು ಬಂದಿದ್ದೇನೆ ಎಂದು ಇದನ್ನು ಮುಚ್ಚಿಡುವುದು ಸರಿಯಲ್ಲ.

ಈಗ ಅಡುಗೆಮನೆಗೆ ಬನ್ನಿ. ಮಾಂಸದ ಜೊತೆ ಹಾಲು, ಮೊಸರು, ತುಪ್ಪ ಸೇರಿಸಬಾರದು ಎಂಬುದು ಅವರ ನಿಯಮ. ಕೊಂಕಣದಲ್ಲಿ ಅದಕ್ಕೇನು ಕಷ್ಟ? ತೆಂಗಿನಕಾಯಿ ಹಾಲು ಇದೆ. ಮಟನ್ ಸಾರಿಗೂ ಅದೇ, ಹೊಸ ವರ್ಷದ ಚೀಕ್ ಹಲ್ವಾಕ್ಕೂ ಅದೇ. ಗೋಧಿ ನೆನೆಸಿ, ರುಬ್ಬಿ, ಅದರ ಹಾಲು ತೆಗೆದು, ತೆಂಗಿನ ಹಾಲು, ಸಕ್ಕರೆ ಹಾಕಿ ಗಂಟೆಗಟ್ಟಲೆ ತಿರುವುತ್ತಲೇ ಇರಬೇಕು. ಕೈ ಬಿದ್ದುಹೋಗುತ್ತದೆ. ಶುಕ್ರವಾರ ಸಂಜೆ ದ್ರಾಕ್ಷಾರಸದ ಮೇಲೆ ಮಂತ್ರ ಹೇಳಬೇಕು, ಆದರೆ ಮಡಿಯ ವೈನ್ ಇಲ್ಲಿ ಎಲ್ಲಿ ಸಿಗಬೇಕು? ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡಿಕೊಂಡರು.

ನಮ್ಮ ಪಕ್ಕದ ಬಿಲ್ಡಿಂಗಿನ ಒಬ್ಬ ಆಂಟಿಯ ಮನೆಗೆ ಮಲಿದಾಕ್ಕೆ, ಅಂದರೆ ಹರಕೆ ತೀರಿಸುವ ಪ್ರಾರ್ಥನೆಗೆ, ಕರೆದಿದ್ದರು. ಅವರ ಮಗನಿಗೆ ದೊಡ್ಡ ಆಪರೇಷನ್ ಆಗಿ ಹುಷಾರಾಗಿದ್ದ, ಅದರ ಹರಕೆ. ಬಾಗಿಲ ಚೌಕಟ್ಟಿನಲ್ಲಿ ಓರೆಯಾಗಿ ಹೊಡೆದ ಸಣ್ಣ ಕೊಳವೆ, ಮೆಝೂಝಾ. ಬಂದವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟು ಒಳಗೆ ಹೋಗುತ್ತಿದ್ದರು. ಗೋಡೆಯ ಮೇಲೆ ರಥದಲ್ಲಿ ಕೂತು ಆಕಾಶಕ್ಕೆ ಏರುವ ಪ್ರವಾದಿ ಎಲಿಯಾಹೂವಿನ ಪಟ. ಇವರ ಮನೆಗಳಲ್ಲಿ ಅದು ಇರಲೇಬೇಕು. ಅಲಿಬಾಗ್ ಹತ್ತಿರದ ಖಂಡಾಳೆ ಎಂಬ ಹಳ್ಳಿಯ ಬಂಡೆಯ ಮೇಲೆ ಆ ರಥದ ಗುರುತು ಇದೆ ಎಂದು ನಂಬಿ ಇವತ್ತಿಗೂ ಹೋಗಿ ಬರುತ್ತಾರೆ.

ನಡುವೆ ಒಂದು ದೊಡ್ಡ ತಟ್ಟೆ. ತೊಳೆದು ನೆನೆಸಿದ ಅವಲಕ್ಕಿ, ಸಕ್ಕರೆ, ತುರಿದ ಕಾಯಿ, ಏಲಕ್ಕಿ, ದ್ರಾಕ್ಷಿ, ಬಾದಾಮಿ. ಸುತ್ತ ಖರ್ಜೂರ, ಬಾಳೆಹಣ್ಣು, ಸೇಬು, ಕಿತ್ತಳೆ. ನಮ್ಮ ಉಡುಪಿ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ, ನೋಡಿದ ಕೂಡಲೇ ಪಂಚಕಜ್ಜಾಯ ನೆನಪಾಗುತ್ತದೆ. ಗಂಡಸರು ತಲೆಗೆ ಟೋಪಿ ಹಾಕಿಕೊಂಡು 'ಎಲಿಯಾಹೂ ಹನಾಬಿ' ಹಾಡಿದರು. ಮರದ ಹಣ್ಣಿಗೆ ಒಂದು ಮಂತ್ರ, ನೆಲದಲ್ಲಿ ಬೆಳೆದದ್ದಕ್ಕೆ ಒಂದು, ಸುವಾಸನೆಗೆ ಇನ್ನೊಂದು. ಸುವಾಸನೆಯ ಮಂತ್ರಕ್ಕೆ ಒಂದು ಎಸಳು ಸಬ್ಜಾ ಕೈಯಿಂದ ಕೈಗೆ ಹೋಯಿತು. ನನ್ನ ಕೈಗೂ ಬಂತು, ಮೂಸಿ ನೋಡಿ ಮುಂದೆ ಕೊಟ್ಟೆ. ಆಂಟಿ ಬಾಗಿಲಲ್ಲೇ ನಿಂತು, "ಯಾ ಯಾ, ಬಸಾ, ಅಸೇ ಜಾಊ ನಕಾ" (ಬನ್ನಿ ಬನ್ನಿ, ಕೂತ್ಕೊಳ್ಳಿ, ಹಾಗೇ ಹೋಗಬೇಡಿ) ಎನ್ನುತ್ತ ಬಂದವರನ್ನೆಲ್ಲ ಕೂರಿಸುತ್ತಿದ್ದರು. ಅವರ ಕಣ್ಣು ಮಾತ್ರ ಗಂಡಸರ ಸಾಲಿನ ಮೇಲೆ. ಎಣಿಸುತ್ತಿದ್ದರು. ಮಲಿದಾ ಮನೆಯಲ್ಲಿ ನಡೆಯುವ ಕೆಲಸ. ಆದರೂ ಹತ್ತು ಜನ ಆಗಲಿ ಎಂಬ ಆಸೆ ಅವರದು. ಹತ್ತನೆಯವರಾಗಿ ಒಬ್ಬ ಮುದುಕರು ಮೆಟ್ಟಿಲು ಹತ್ತಿ ಬಂದಾಗ ಆಂಟಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಯಾಕೆ ಎಣಿಸಬೇಕಾಯಿತು? ಸ್ವಾತಂತ್ರ್ಯದ ಹೊತ್ತಿಗೆ ಬೆನೆ ಇಸ್ರೇಲಿಗಳು ಸುಮಾರು 20,000 ಇದ್ದರು. ರೈಲ್ವೆ, ಪೋಸ್ಟ್ ಆಫೀಸು, ಮಿಲ್ಲು, ಆಸ್ಪತ್ರೆ, ಎಲ್ಲ ಕಡೆ ಗುಮಾಸ್ತರು, ನರ್ಸ್‌ಗಳು, ಟೀಚರುಗಳು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಈಗ ಇಡೀ ದೇಶದಲ್ಲಿ ಎಲ್ಲ ಬಗೆಯ ಯೆಹೂದಿಗಳು ಸೇರಿದರೂ ಐದು ಸಾವಿರದ ಆಸುಪಾಸು. ಇಲ್ಲಿ ಯಾರೂ ಅವರನ್ನು ಓಡಿಸಲಿಲ್ಲ, ಅವರೇ ಅದನ್ನು ಎದೆ ತಟ್ಟಿ ಹೇಳುತ್ತಾರೆ. ಅಣ್ಣ ಹೋದ, ತಂಗಿ ಹೋದಳು, ಇಲ್ಲಿ ಮಗಳಿಗೆ ಗಂಡು ಸಿಗುವುದಿಲ್ಲ, ಹೀಗೆ ಒಂದೊಂದೇ ಮನೆ ಖಾಲಿಯಾಯಿತು.

ಹೋದ ಕಡೆಯಾದರೂ ಎಣಿಕೆಗೆ ಬಂದರಾ? ಇಲ್ಲ. 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳು, ಅಂದರೆ ಧರ್ಮಗುರುಗಳು, ಬೆನೆ ಇಸ್ರೇಲಿಗಳು ಬೇರೆ ಯೆಹೂದಿಗಳನ್ನು ಮದುವೆಯಾಗಬೇಕಾದರೆ ಅವರ ವಂಶ ವಿಚಾರಿಸಬೇಕು ಎಂದು ಆದೇಶ ಹೊರಡಿಸಿದರು. ಕೊಂಕಣದ ಎಣ್ಣೆಗಾಣದ ಮೊಮ್ಮಕ್ಕಳು ಬೀದಿಯಲ್ಲಿ ಧರಣಿ ಕೂತರು. 1964ರಲ್ಲಿ ಇಸ್ರೇಲಿನ ಸಂಸತ್ತು, ಇವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳು ಎಂದು ಸಾರಬೇಕಾಯಿತು. ಗೆದ್ದ ಮೇಲೂ ಮರಾಠಿ ಬಿಡಲಿಲ್ಲ, ಅಲ್ಲಿಂದಲೇ ಮರಾಠಿ ಪತ್ರಿಕೆ ಹೊರಡಿಸಿದರು. ಕನ್ನಡ ಸಂಘ ನಡೆಸುವ ನಮಗೆ ಅದರ ಬೆಲೆ ಗೊತ್ತು.

ಇಲ್ಲಿ ಉಳಿದವರ ಕಷ್ಟ ಬೇರೆ ಥರ. ಸಿನಗಾಗ್‌ಗಳು ಹಳೇ ಮುಂಬೈಯಲ್ಲಿ, ಮಾಂಡ್ವಿ, ಭಾಯ್ಖಳಾ, ಆಗ್ರಿಪಾಡಾ ಕಡೆ. ಬಾಡಿಗೆ ಏರಿ ಜನ ಉಪನಗರಕ್ಕೆ ಬಂದುಬಿಟ್ಟರು. ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಗಾಡಿ ಹತ್ತಬಾರದು ಎಂಬುದು ಶಾಸ್ತ್ರ. ಲೋಕಲ್ ಟ್ರೇನ್ ಹತ್ತದೆ ಹತ್ತು ಜನ ಸೇರುವುದಿಲ್ಲ ಎಂಬುದು ಮುಂಬೈ. ಬಹಳ ಮಂದಿ ಟ್ರೇನ್ ಹತ್ತುತ್ತಾರೆ. ನನ್ನನ್ನು ಕೇಳಿದರೆ ಅದೇ ಸರಿ. ನಮ್ಮ ಠಾಣೆಯ ಸಿನಗಾಗ್, 1879ರದ್ದು, ಇವತ್ತು ತುಂಬಿರುತ್ತದೆ. ಅತ್ತ ಭಾಯ್ಖಳಾದ ಸಸೂನ್ ಶಾಲೆಗಳಲ್ಲಿ ಈಗ ಓದುವವರು ಹೆಚ್ಚಾಗಿ ಮುಸ್ಲಿಂ ಮಕ್ಕಳು. ಸಿನಗಾಗ್ ಇರುವ ಕಾಂಪೌಂಡಿನಲ್ಲೇ ಆ ಮಕ್ಕಳು ಆಡುತ್ತಾರೆ. ಇದನ್ನು ನೋಡಲಾದರೂ ಒಮ್ಮೆ ಹೋಗಿ.

ಚೀಟಿ ಬಂದಿದೆ, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ಮಹಾಲಕ್ಷ್ಮಿ ಹತ್ತಿರದ ಡಾ. ಇ. ಮೋಸೆಸ್ ರಸ್ತೆ, 1937ರಲ್ಲಿ ಮೇಯರ್ ಆದ ಬೆನೆ ಇಸ್ರೇಲಿ ಡಾಕ್ಟರ ಹೆಸರಿನದು. ಕವಿ ನಿಸ್ಸಿಮ್ ಎಝೆಕಿಯೆಲ್ ಈ ಸಮುದಾಯದವರೇ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯೆಹೂದಿಗಳಿಗೆ ಅಲ್ಪಸಂಖ್ಯಾತರ ಮಾನ್ಯತೆ ಕೊಟ್ಟಿತು. 2008ರ ನವೆಂಬರ್ 26ರ ಉಗ್ರರ ದಾಳಿಯ ಬಗ್ಗೆ, ಅದಕ್ಕೆ ಸಿಕ್ಕಿದ ಕೊಲಾಬಾದ ಯೆಹೂದಿ ಕೇಂದ್ರ ನರಿಮನ್ ಹೌಸ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ನಂತರ ಸಿನಗಾಗ್ ಬಾಗಿಲಲ್ಲಿ ಪೊಲೀಸರು ಇರುತ್ತಾರೆ. ಹೋಗುವಾಗ ಗುರುತಿನ ಚೀಟಿ ಇಟ್ಟುಕೊಳ್ಳಿ, ತಲೆಗೆ ಕರವಸ್ತ್ರ ಕಟ್ಟಿಕೊಳ್ಳಿ, ಶನಿವಾರ ಫೋಟೋ ತೆಗೆಯಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಮುಂಬೈಯ ಕಾಮಾ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದ ಡಾ. ಜೆರುಶಾ ಝಿರಾಡ್ ಬೆನೆ ಇಸ್ರೇಲಿ ಹೆಣ್ಣುಮಗಳು. 1919ರಲ್ಲಿ ಲಂಡನ್ನಿನಲ್ಲಿ ಎಂ.ಡಿ. ಮಾಡಿದವರು, 1966ರಲ್ಲಿ ಪದ್ಮಶ್ರೀ ಪಡೆದವರು. ಎಷ್ಟು ಸಾವಿರ ಬಾಣಂತಿಯರನ್ನು ಉಳಿಸಿದರೋ! ಅವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಆ ಕಾಲದಲ್ಲಿ ಅಲ್ಲಿ ಎಷ್ಟು ಯೆಹೂದಿ ಮನೆಗಳಿದ್ದವು, ಯಾವ ಕೇರಿಯಲ್ಲಿ, ಯಾವ ಕೆಲಸದಲ್ಲಿ? ಇದನ್ನು ಕನ್ನಡದಲ್ಲಿ ಯಾರಾದರೂ ಕೂತು ಬರೆಯಬೇಕು. ಶಿವಮೊಗ್ಗ ಕಡೆಯವರು ಇಲ್ಲಿದ್ದರೆ, ಮನೆಯಲ್ಲಿ ಹಳೇ ಕಾಗದ ಪತ್ರ, ಅಜ್ಜ ಅಜ್ಜಿ ಹೇಳಿದ ಮಾತು ಏನಾದರೂ ಇದ್ದರೆ, ಚಹಾ ಹೊತ್ತಿನಲ್ಲಿ ದಯವಿಟ್ಟು ನನ್ನನ್ನು ಹಿಡಿದುಕೊಳ್ಳಿ. ನಾನು ಆ ಕಿಟಕಿ ಹತ್ತಿರವೇ ಇರುತ್ತೇನೆ.